ಬೆಳಕಿನ ಗಾಣ

ಆ ಯಂತ್ರಕ್ಕೆ ದಿಲ್ಲಿಯವರು ಇಟ್ಟ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದವರನ್ನು ಹುಬ್ಬಳ್ಳಿಯಲ್ಲಿ ಯಾರೂ ಕಂಡಿಲ್ಲ. ಉದ್ಘಾಟನೆಗೆ ಬಂದ ಮಂತ್ರಿಗಳೇ ನಡುವೆ ತಡವರಿಸಿ, ಕೊನೆಗೆ ‘ಈ ಮಷೀನು’ ಎಂದು ಕೈ ತೋರಿಸಿ ಪಾರಾದರು. ಊರಿನ ಜನ ಮೊದಲ ವಾರದಲ್ಲೇ ಅದನ್ನು ಗಾಣ ಎಂದು ಕರೆದರು. ಗಾಣಕ್ಕೆ ಶೇಂಗಾ ಹಾಕಿದರೆ ಎಣ್ಣೆ ಬರುತ್ತದೆ, ಹಿಂಡಿ ಉಳಿಯುತ್ತದೆ. ಇದಕ್ಕೆ ಹಳೆಯ ಫೋಟೋದ ನೆಗೆಟಿವ್ ಹಾಕಿದರೆ ಬೆಳಕು ಬರುತ್ತದೆ, ಬೂದಿ ಉಳಿಯುತ್ತದೆ. ವ್ಯತ್ಯಾಸ ಇಷ್ಟೇ.

ಗಾಣದ ಗುಟ್ಟು ತೀರ ಕಷ್ಟದ್ದೇನಲ್ಲ. ಹಳೆಯ ಕ್ಯಾಮೆರಾದ ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ತೆಳು ಪದರವಿರುತ್ತಿತ್ತು. ಗುಂಡಿ ಒತ್ತಿದಾಗ ಒಳಗಿನ ಬಟ್ಟೆಯ ಪರದೆ ಸರಿದು, ಬೆಳಕು ಬಿದ್ದು, ಚಿತ್ರ ಮೂಡುತ್ತಿತ್ತು. ಆದರೆ ಆ ಪರದೆಗಳು ಹೇಳಿಕೊಳ್ಳುವಷ್ಟು ಭದ್ರವಾಗಿರಲಿಲ್ಲ. ಗುಂಡಿ ಒತ್ತುವ ಮುಂಚಿನ, ಒತ್ತಿದ ಮೇಲಿನ ಕೆಲವು ಕ್ಷಣಗಳ ಬೆಳಕೂ ಒಳಗೆ ಜಿನುಗಿ, ಪದರದ ಆಳದಲ್ಲಿ ಕಣ್ಣಿಗೆ ಕಾಣದ ಗುಣಿಗಳನ್ನು ಬಿಟ್ಟಿರುತ್ತಿತ್ತು. ಕತ್ತಲೆ ಕೋಣೆಯಲ್ಲಿ ಎಷ್ಟು ತೊಳೆದರೂ ಆ ಗುಣಿಗಳು ಮಾಸುವುದಿಲ್ಲ. ಗಾಣದ ಕಿರಣ ಅವನ್ನು ಆಳದವರೆಗೂ ತಡವಿ, ಫೋಟೋ ತೆಗೆದ ಗಳಿಗೆಯ ಹಿಂದುಮುಂದಿನ ಏಳೆಂಟು ಸೆಕೆಂಡುಗಳನ್ನು ತೆರೆಯ ಮೇಲೆ ನಡೆಸಿ ತೋರಿಸುತ್ತದೆ. ನಿಂತವರು ಅಲುಗುತ್ತಾರೆ, ನಕ್ಕವರು ನಗು ಮುಗಿಸುತ್ತಾರೆ, ಮಾತಿಲ್ಲದೆ ತುಟಿಗಳು ಆಡುತ್ತವೆ. ಆ ಕಾವಿಗೆ ನೆಗೆಟಿವ್ ಸುಟ್ಟುಹೋಗುತ್ತದೆ. ಒಂದು ಫೋಟೋಗೆ ಒಂದೇ ಸಲ.

ಊರಿನ ಹಳೆಯ ದಿನಪತ್ರಿಕೆಯೊಂದು ಬಾಗಿಲು ಮುಚ್ಚಿದಾಗ ಅದರ ನೆಗೆಟಿವ್‌ಗಳೆಲ್ಲ ತಗಡಿನ ಡಬ್ಬಿಗಳಲ್ಲಿ ನಗರದ ಚಿತ್ರಭಂಡಾರಕ್ಕೆ ಬಂದವು. ಜೊತೆಗೆ ಅವುಗಳನ್ನು ನೋಡಿಕೊಳ್ಳುತ್ತಿದ್ದ ನೀಲಗಂಗಾ ಕೂಡ ಬಂದಳು. ಭಂಡಾರದ ಮುಖ್ಯಸ್ಥೆಯಾದ ಮೇಲೂ ಡಬ್ಬಿ ತೆರೆಯುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮುಚ್ಚಳ ತೆಗೆದಾಗ ಕೆಟ್ಟ ಉಪ್ಪಿನಕಾಯಿಯ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯುತ್ತಿದೆ ಎಂದರ್ಥ. ಅಂಥದ್ದು ಹೇಗಿದ್ದರೂ ಕೆಲವೇ ತಿಂಗಳಲ್ಲಿ ಸುರುಟಿ ಪುಡಿಯಾಗುತ್ತದೆ. ಅಂಥವನ್ನು ಮಾತ್ರ ಗಾಣಕ್ಕೆ ಕೊಡಬೇಕೆಂಬುದು ನಿಯಮ.

ಎರಡನೆಯ ನಿಯಮವನ್ನು ಬರೆದವಳು ನೀಲಗಂಗಾಳೇ. ಗಾಣದ ಕಿರಣವನ್ನು ಎರಡು ಬಗೆಯಲ್ಲಿ ಹಾಯಿಸಬಹುದು. ಇಡೀ ಚೌಕಟ್ಟಿಗೆ ಹಾಯಿಸಿದರೆ ಎಲ್ಲರೂ ಕಾಣುತ್ತಾರೆ, ಆದರೆ ಮಬ್ಬಾಗಿ, ಒದ್ದೆ ಗಾಜಿನಾಚೆ ನಿಂತವರಂತೆ. ಒಬ್ಬರ ಮುಖಕ್ಕೆ ಕೂಡಿಸಿದರೆ ಆ ಮುಖ ಎದುರಿಗೆ ಕೂತಷ್ಟು ನಿಚ್ಚಳ; ಉಳಿದದ್ದೆಲ್ಲ ಒಮ್ಮೆ ಮಿಂಚಿ, ದಾಖಲೆಗೆ ಸಿಗದೆ ಸುಟ್ಟುಹೋಗುತ್ತದೆ. ಫೋಟೋ ಒಬ್ಬರ ಆಸ್ತಿಯಲ್ಲ, ಊರಿನದ್ದು, ಆದ್ದರಿಂದ ಯಾವಾಗಲೂ ಇಡೀ ಚೌಕಟ್ಟು ಎಂದು ಅವಳು ಬರೆದಿದ್ದಳು. ಅಪ್ಪನನ್ನೋ ಅಜ್ಜಿಯನ್ನೋ ಹತ್ತಿರದಿಂದ ನೋಡಬೇಕೆಂದು ಅತ್ತುಕೊಂಡು ಬಂದ ಎಷ್ಟೋ ಜನರನ್ನು ಅವಳು ಇದೇ ಮಾತು ಹೇಳಿ ವಾಪಸು ಕಳಿಸಿದ್ದಳು. ಜನ ಅವಳನ್ನು ಕಲ್ಲು ಮನಸ್ಸಿನವಳು ಎಂದು ಆಡಿಕೊಂಡರು. ಆದರೂ ಗಾಣ ತಿರುಗುವ ದಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕುಂಕುಮ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು.

ಗಾಣದಿಂದ ಏನೇನೋ ಹೊರಬಂತು. ನಲ್ಲಿ ಉದ್ಘಾಟಿಸಿದ ಪುಢಾರಿಯ ನಗು ಗುಂಡಿ ಒತ್ತಿದ ಮರುಕ್ಷಣ ಇಳಿದುಹೋಗಿ, ನಲ್ಲಿ ಎರಡು ಹನಿ ಉಗುಳಿ ಸುಮ್ಮನಾಯಿತು. ಸಾಮೂಹಿಕ ಮದುವೆಯ ಸಾಲಿನಲ್ಲಿ ನಾಚಿಕೊಂಡಿದ್ದಾಳೆ ಎಂದುಕೊಂಡಿದ್ದ ಹುಡುಗಿ ಅಳುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೆಂಪು ಬಣ್ಣ. ಪತ್ರಿಕೆಯಲ್ಲಿ ದತ್ತೋಬಾ ಎಂಬ ಕಲಾವಿದನಿದ್ದ. ಒರಟು ಕಾಗದದ ಮೇಲೆ ಮುಖ್ಯ ಮುಖ ಎದ್ದು ಕಾಣಲೆಂದು, ಸಂಪಾದಕರು ಬೇಡವೆಂದದ್ದನ್ನೆಲ್ಲ ನೆಗೆಟಿವ್ ಮೇಲೆ ಕೆಂಪು ಬಣ್ಣ ಬಳಿದು ಮುಚ್ಚುವುದು ಅವನ ಕೆಲಸ. ಬಣ್ಣ ಬಳಿದ ಜಾಗ ಪತ್ರಿಕೆಯಲ್ಲಿ ಬರೀ ಬಿಳಿ. ಬೇರೆ ಯಾವ ಬೆಳಕಿಗೂ ಬಗ್ಗದ ಆ ಬಣ್ಣ ಗಾಣದ ಕಾವಿಗೆ ಗುಳ್ಳೆಯೆದ್ದು ಕಳಚುತ್ತಿತ್ತು. ಅಡಿಯಲ್ಲಿ ಹೆಚ್ಚಾಗಿ ಗೋಡೆ, ಕಂಬ, ಸೈಕಲ್ಲು. ಆದರೆ ಕೆಲವೊಮ್ಮೆ ಜನ: ಶೇಟಜಿಯ ಹಿಂದೆ ಛತ್ರಿ ಹಿಡಿದವನು, ವೇದಿಕೆ ಗುಡಿಸುತ್ತಿದ್ದ ಹೆಂಗಸು, ಸನ್ಮಾನಿತರ ಪಕ್ಕದಲ್ಲಿ ನಿಂತಿದ್ದ ಬರಿಮೈಯ ಹಮಾಲ. ನೀಲಗಂಗಾ ಭಂಡಾರದ ಒಂದು ಗೋಡೆಯನ್ನೇ ಅವರಿಗೆ ಬಿಟ್ಟುಕೊಟ್ಟು ‘ಒರೆಸಿಹೋದವರು’ ಎಂದು ಫಲಕ ಹಾಕಿಸಿದಳು. ಎಪ್ಪತ್ತರ ಮುದುಕನೊಬ್ಬ ಆ ಗೋಡೆಯ ಮುಂದೆ ನಿಂತು, ಕಸಬರಿಗೆ ಹಿಡಿದ ಹೆಂಗಸು ತನ್ನ ಅವ್ವ ಎಂದು ಗುರುತಿಸಿ ಅಲ್ಲೇ ಕುಸಿದು ಕೂತದ್ದನ್ನು ಅವಳು ಕಣ್ಣಾರೆ ನೋಡಿದ್ದಳು.

ಇಷ್ಟೆಲ್ಲ ತಿಳಿದವಳೇ ಆಮೇಲೆ ತನ್ನ ನಿಯಮವನ್ನು ತಾನೇ ಮುರಿದಳು.

*

ಹಳೇ ಹುಬ್ಬಳ್ಳಿಯ ಎರಡು ಕೋಣೆಯ ಮನೆಯಲ್ಲಿ ನೀಲಗಂಗಾ ಮತ್ತು ಅವಳ ತಾಯಿ ಗುರುಶಾಂತವ್ವ ಇಬ್ಬರೇ. ಪಡಸಾಲೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಒಂದು ಚೌಕಟ್ಟು. ಒಳಗೆ ಹಳದಿಗಟ್ಟಿದ ಪತ್ರಿಕೆಯ ತುಣುಕು. ತಲೆಗೆ ಅಗ್ನಿಶಾಮಕದವರ ಶಿರಸ್ತ್ರಾಣ, ಗದ್ದದ ಕೆಳಗೆ ಪಟ್ಟಿ, ಗಲ್ಲಕ್ಕೆ ಮೆತ್ತಿದ ಮಸಿ, ದಪ್ಪ ಮೀಸೆ. ಸುತ್ತ ಬಿಳಿ. ಕೆಳಗೆ ಕಟ್ಟು ಹಾಕಿದವನು ಬಣ್ಣದಲ್ಲಿ ಬರೆದ ಹೆಸರು: ಫಕೀರಪ್ಪ.

ಐವತ್ತೈದು ವರ್ಷದ ಹಿಂದೆ ಊರಿನ ಹತ್ತಿ ಗೋದಾಮಿಗೆ ಬೆಂಕಿ ಬಿದ್ದಾಗ ಒಳಗೆ ಹೋದ ಇಬ್ಬರು ಬೆಂಕಿ ಆರಿಸುವವರು ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಒಬ್ಬ ಊರವನೇ ಆದ ಫಕೀರಪ್ಪ. ಇನ್ನೊಬ್ಬ ಕರಾವಳಿಯಿಂದ ವರ್ಗವಾಗಿ ಬಂದು ತಿಂಗಳೂ ಕಳೆದಿರದ ಮೋನಪ್ಪ. ಅವನಿಗೆ ಹಿಂದೆಮುಂದೆ ಯಾರೂ ಇದ್ದಂತಿರಲಿಲ್ಲ, ಪತ್ರಿಕೆಯಲ್ಲಿ ಅವನ ಚಿತ್ರವೂ ಬರಲಿಲ್ಲ. ಗುರುಶಾಂತವ್ವ ಆಗ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಕೂಸು ಹುಟ್ಟಿದ ವಾರಕ್ಕೇ ಸುದ್ದಿ ಬಂತು. ಅವಳು ಕೂಸನ್ನೆತ್ತಿಕೊಂಡು ಗಂಡನ ಇದೇ ಮನೆಗೆ ಬರುವಷ್ಟರಲ್ಲಿ ಮಣ್ಣು ಮುಗಿದು ಎಷ್ಟೋ ದಿನವಾಗಿತ್ತು, ಮಾವ ಯಲ್ಲಪ್ಪಜ್ಜ ಪತ್ರಿಕೆಯ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿಯಾಗಿತ್ತು.

ಅಪ್ಪನ ಬೇರೆ ಫೋಟೋ ಇರಲಿಲ್ಲ. ನೀಲಗಂಗಾ ಶಾಲೆಯ ಅಂಕಪಟ್ಟಿಯನ್ನು ಮೊದಲು ಆ ಚಿತ್ರಕ್ಕೆ ತೋರಿಸಿ ಆಮೇಲೆ ಅವ್ವನಿಗೆ ಕೊಡುತ್ತಿದ್ದಳು. ಅಪ್ಪ ಹೇಗಿದ್ದರು ಎಂದು ಕೇಳಿದಾಗಲೆಲ್ಲ ಗುರುಶಾಂತವ್ವ ಹೇಳುತ್ತಿದ್ದದ್ದು ಒಂದೇ ಸಂಗತಿ. ಹೊರಗೆ ಹೊರಟಾಗ ಬಾಗಿಲ ಚೌಕಟ್ಟಿಗೆ ಎರಡು ಬೆರಳು ತಾಗಿಸಿ, ಎದೆಗೆ ಮುಟ್ಟಿಸಿಕೊಂಡು, ಒಮ್ಮೆ ಹಿಂದಿರುಗಿ ನೋಡಿ ಹೋಗುತ್ತಿದ್ದನಂತೆ. ನೀಲಗಂಗಾ ಪತ್ರಿಕೆಯ ಕೆಲಸಕ್ಕೆ ಸೇರಿದ್ದೇ ಆ ಚಿತ್ರದ ಮೂಲ ಸಿಕ್ಕೀತೆಂಬ ಆಸೆಯಿಂದ. ಅದು ಸಿಕ್ಕಿರಲಿಲ್ಲ.

ಈಗ ಸಿಕ್ಕಿತು. ಅಂಟಿಕೊಂಡಿದ್ದ ಡಬ್ಬಿಯೊಂದನ್ನು ಎಬ್ಬಿಸಿದಾಗ, ಹುಳಿ ವಾಸನೆಯ ನಡುವೆ, ಅಚ್ಚಿಗೆಂದು ಅಂಚು ಕತ್ತರಿಸಿದ ಒಂಟಿ ನೆಗೆಟಿವ್. ಒಂದು ಬದಿಯಲ್ಲಿ ಶಿರಸ್ತ್ರಾಣದ ಮನುಷ್ಯ, ಉಳಿದಷ್ಟೂ ಜಾಗ ದತ್ತೋಬಾನ ಕೆಂಪು ಬಣ್ಣ. ನೀಲಗಂಗಾ ಅದನ್ನು ಬೆಳಕಿನ ಮೇಜಿನ ಮೇಲಿಟ್ಟು, ಮನೆಯ ಚಿತ್ರಕ್ಕೆ ಹೊಂದುವ ಹಾಗೆ ತಿರುಗಿಸಿ, ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ.

*

ಗಾಣ ನಡೆಸುವವನು ಇಮ್ತಿಯಾಜ್, ಮೂವತ್ತು ದಾಟಿದ ವಿಜ್ಞಾನಿ, ನೀಲಗಂಗಾಳನ್ನು ಅಕ್ಕ ಎಂದೇ ಕರೆಯುವವನು. ನೆಗೆಟಿವ್ ನೋಡಿ, ಇದು ಇನ್ನು ಹೆಚ್ಚು ದಿನ ತಾಳುವುದಿಲ್ಲ ಎಂದ. ಅವಳು ತನಗೆ ಬೇಕಾದದ್ದನ್ನು ಹೇಳಿದಾಗ ಅವನು ತಲೆ ಕೆರೆದುಕೊಂಡ.

“ಅಕ್ಕಾರ, ನಿಯಮಾ ನಿಮ್ಮದ. ಇಡೀ ಚೌಕಟ್ಟಿಗೆ ಹಾಯಸೂಣ. ಮಬ್ಬ ಆದ್ರೂ ಎಲ್ಲಾ ಸಿಗ್ತೈತಿ. ಇಷ್ಟ ಬಣ್ಣ ಬಡದಾರಂದ್ರ ಕೆಳಗ ಏನೈತೋ ಯಾರಿಗ್ಗೊತ್ತು.”

ಗೋಡೆ ಇರುತ್ತದೆ, ಇಲ್ಲವೇ ಬೆಂಕಿಯ ಗಾಡಿ ಇರುತ್ತದೆ ಎಂದಳು ನೀಲಗಂಗಾ. ಇಡೀ ಜನ್ಮ ಮಬ್ಬು ಮುಖವನ್ನೇ ನೋಡಿದ್ದಾಯಿತು, ಒಮ್ಮೆ ನಿಚ್ಚಳವಾಗಿ ನೋಡಬೇಕು, ನಿವೃತ್ತಿಗೆ ಇನ್ನು ಕೆಲವೇ ವರ್ಷ, ಅಷ್ಟರಲ್ಲಿ ಒಂದೇ ಒಂದು ಸಲ ನಿಯಮ ಮುರಿಯುತ್ತೇನೆ ಎಂದಳು. ಅವಳು ಯಾರ ಮುಂದೆಯೂ ಹಾಗೆ ಬೇಡಿದವಳಲ್ಲ. ಇಮ್ತಿಯಾಜ್ ಗಾಣಕ್ಕೆ ದಿನ ಗೊತ್ತುಮಾಡಿದ.

ಮನೆಯಲ್ಲಿ ಮಾತ್ರ ಅಡ್ಡಿ ಬಂತು. ಸುದ್ದಿ ಕೇಳಿ ಗುರುಶಾಂತವ್ವ ಕುಣಿದಾಡುತ್ತಾಳೆ ಎಂದು ಮಗಳು ತಿಳಿದಿದ್ದಳು. ಮುದುಕಿ ಸೋಸುತ್ತಿದ್ದ ಮೆಂತ್ಯದ ಸೊಪ್ಪನ್ನು ಬದಿಗಿಟ್ಟಳು.

“ಬ್ಯಾಡ ನೀಲಾ. ಇದ್ದದ್ದು ಇದ್ದಂಗ ಇರ್ಲಿ.”

“ಯಾಕವ್ವ? ನಿನಗ ನೋಡಬೇಕು ಅನಸೂದಿಲ್ಲೇನು?”

“ಅನಸ್ತೈತಿ. ಅದಕ್ಕ ಹೆದರಿಕಿ ನನಗ.”

ಸತ್ತವರು ಅಲುಗಾಡುವುದನ್ನು ನೋಡುವುದಕ್ಕೆ ಹಳೆಯ ಕಾಲದವರು ಹೆದರುತ್ತಾರೆ, ಇದನ್ನು ಎಷ್ಟು ನೋಡಿಲ್ಲ ಎಂದುಕೊಂಡ ನೀಲಗಂಗಾ ತಾಯಿಯನ್ನು ಪುಸಲಾಯಿಸಿದಳು, ರೇಗಿದಳು, ಒಂದು ಹೊತ್ತು ಊಟ ಬಿಟ್ಟಳು. ಕೊನೆಗೆ ಗುರುಶಾಂತವ್ವ, ಆಗಲಿ ಬರುತ್ತೇನೆ ಎಂದಳು. ಹಾಗೆಂದು ಗೋಡೆಯ ಕಡೆ ನೋಡಿ, ಮುಖ ತಿರುಗಿಸಿಕೊಂಡಳು.

*

ಮಧ್ಯಾಹ್ನ, ಭಂಡಾರಕ್ಕೆ ಬೇರೆ ಯಾರೂ ಬರದ ದಿನ. ಗುರುಶಾಂತವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೋಲೂರಿಕೊಂಡು ಬಂದು, ತೆರೆಯ ಮುಂದಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಳು. ನೀಲಗಂಗಾ ಅವಳ ಕೈ ಹಿಡಿದುಕೊಂಡಳು. ಇಮ್ತಿಯಾಜ್ ಕಿರಣವನ್ನು ಆ ಒಂದು ಮುಖಕ್ಕೆ ಕೂಡಿಸಿ, ಅಕ್ಕನ ಕಡೆ ಕೊನೆಯ ಸಲ ನೋಡಿದ. ಅವಳು ತಲೆಯಾಡಿಸಿದಳು.

ತೆರೆಯ ಮೇಲೆ ಆ ಮುಖ ಬಂತು. ಪತ್ರಿಕೆಯ ಅಚ್ಚಿನ ಚುಕ್ಕೆ ಚುಕ್ಕೆಯ ಮುಖವಲ್ಲ, ಚರ್ಮದ ಮುಖ. ಗಲ್ಲದ ಮಸಿಯಲ್ಲಿ ಬೆವರು ಇಳಿದ ಗೆರೆ ಕಾಣುತ್ತಿತ್ತು. ಮೀಸೆಯ ಒಂದು ಕೊನೆ ಗಾಳಿಗೆ ಅಲುಗಿತು. ಕಣ್ಣು ಮಿಟುಕಿದವು. ನೀಲಗಂಗಾಳ ಗಂಟಲಿನಿಂದ ‘ಅಪ್ಪಾ’ ಎಂಬ ಮಾತು ತಾನಾಗಿ ಹೊರಟಿತು. ಎದುರಿಗಿದ್ದವನನ್ನು ಹಾಗೆ ಕರೆದದ್ದು ಅವಳ ಆಯುಷ್ಯದಲ್ಲಿ ಅದೇ ಮೊದಲು. ಆ ಮನುಷ್ಯ ಏನನ್ನೋ ಅಗಿಯುತ್ತ, ಪಕ್ಕಕ್ಕೆ ತಿರುಗಿ, ಬಣ್ಣ ಬಳಿದ ಜಾಗದ ಕಡೆಗೆ ಏನೋ ಹೇಳಿ ನಕ್ಕ.

ಹಿಡಿದಿದ್ದ ತಾಯಿಯ ಕೈ ಬಿಗಿಯಾಯಿತು. “ಇವರಲ್ಲ” ಎಂದಳು ಗುರುಶಾಂತವ್ವ.

ಮಗಳ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅವಳ ಕಣ್ಣು ಆ ನಗುವಿನ ಮೇಲಿತ್ತು. ತೆರೆಯ ಇನ್ನೊಂದು ಬದಿಯಲ್ಲಿ ಕೆಂಪು ಬಣ್ಣ ಗುಳ್ಳೆಯೇಳತೊಡಗಿತ್ತು.

“ಅಲ್ಲಿ ನೀಲಾ, ಆ ಕಡಿ ನೋಡು. ಅವರು ಅಲ್ಲಿ ಅದಾರ. ಆ ಕಡಿ ಬೆಳಕ ತಿರುಗಸವ್ವಾ.”

ಇದ್ದದ್ದೇ ಏಳೆಂಟು ಸೆಕೆಂಡು. ಅದರಲ್ಲಿ ಒಂದನ್ನೂ ಬೇರೆ ಕಡೆ ಚೆಲ್ಲಬಾರದೆಂದು ನೀಲಗಂಗಾ ತಿರುಗಲಿಲ್ಲ. ತಾಯಿ ಕೈ ಕೊಸರಿಕೊಂಡು ಎದ್ದು ನಿಂತಾಗಷ್ಟೇ ಅತ್ತ ನೋಡಿದಳು. ಕಳಚುತ್ತಿದ್ದ ಬಣ್ಣದ ನಡುವೆ ಬೆಂಕಿಯ ಗಾಡಿಯ ಬಾಗಿಲು ಕಂಡಿತು, ಅದರ ಮೇಲೆ ಬರೆದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿದ್ದವು. ಒಂದು ಕೈ ಕಂಡಿತು. ಎರಡು ಬೆರಳು ಬಾಗಿಲ ಚೌಕಟ್ಟಿಗೆ ತಾಗಿ, ಎದೆಗೆ ಮುಟ್ಟಿದವು. ಶಿರಸ್ತ್ರಾಣವೊಂದು ಹಿಂದಿರುಗಿ ನೋಡಿ ಮುಗಿಸಿ ಆಗಲೇ ಆಚೆ ಹೊರಳುತ್ತಿತ್ತು. ಅಷ್ಟರಲ್ಲಿ ಅಂಚಿನಿಂದ ಕಪ್ಪು ನುಗ್ಗಿ ಬಂದು ಎಲ್ಲವನ್ನೂ ಮುಚ್ಚಿತು. ಈಚೆ ಬದಿಯ ಮುಖ ಮಾತ್ರ ಇನ್ನೊಂದು ಗಳಿಗೆ ಇದ್ದು, ಕಿರುಬೆರಳಿನಿಂದ ಹಲ್ಲು ಕೆದಕಿಕೊಂಡು, ಆರಿಹೋಯಿತು.

ಕೋಣೆಯಲ್ಲಿ ಸುಟ್ಟ ವಾಸನೆ. ಇಮ್ತಿಯಾಜ್ ದಾಖಲೆಯನ್ನು ಮೂರು ನಾಲ್ಕು ಬಾರಿ ತಿರುವಿ ನೋಡಿದ. ಅಂಚಿನಲ್ಲಿ ಏನೂ ಉಳಿದಿರಲಿಲ್ಲ. ಕೈ ಕೂಡ ಇರಲಿಲ್ಲ. ಅವನು ಅಕ್ಕನ ಮುಖ ನೋಡಲಾರದೆ ಬೂದಿಯ ತಟ್ಟೆಯನ್ನು ಎತ್ತಿಕೊಂಡು ಹೊರಗೆ ಹೋದ.

ನಡೆದದ್ದೇನೆಂದು ನೀಲಗಂಗಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಹಿಂದುಮುಂದಾದ ಅಕ್ಷರಗಳೇ ಹೇಳಿದ್ದವು. ಅದಕ್ಕೂ ಹಿಂದೆ ಎಲ್ಲೋ ಸಣ್ಣ ಬೆಂಕಿ ಆರಿಸಿ, ಗಾಡಿ ಹತ್ತುವ ಮೊದಲು ಇಬ್ಬರೂ ಕೂಡಿ ನಿಂತ ಫೋಟೋ ಅದು. ಸತ್ತ ಸುದ್ದಿ ಬಂದ ಮೇಲೆ ಪತ್ರಿಕೆಗೆ ಊರವನ ಚಿತ್ರ ಸಾಕಾಗಿತ್ತು. ಎಡದವನನ್ನು ಬಿಡು, ಬಲದವನನ್ನು ಒರೆಸು ಎಂದು ಯಾರೋ ಅವಸರದಲ್ಲಿ ದತ್ತೋಬಾನಿಗೆ ಬಾಯಲ್ಲಿ ಹೇಳಿರಬೇಕು. ಮಗ್ಗುಲು ತಿಳಿಸುವ ಅಂಚನ್ನು ಕತ್ತರಿಸಿದ್ದ ಫಿಲ್ಮನ್ನು ಅವನು ಮೇಜಿನ ಮೇಲೆ ಮಗುಚಿ ಇಟ್ಟುಕೊಂಡ. ಎಡ ಬಲವಾಯಿತು. ನಂಬಿಕೆಯ ಕೆಲಸಗಾರ, ಹೇಳಿದ್ದನ್ನು ಹೇಳಿದಂತೆ ಮಾಡಿದ. ಗೋಡೆಯ ಮೇಲೆ ಐವತ್ತೈದು ವರ್ಷ ಹಾರ ಹಾಕಿಸಿಕೊಂಡವನು ಮೋನಪ್ಪ. ಫಕೀರಪ್ಪ ಇಷ್ಟು ಕಾಲವೂ ಕೆಂಪು ಬಣ್ಣದ ಅಡಿಯಲ್ಲಿ ನಿಂತೇ ಇದ್ದ. ಒರೆಸಿಹೋದವರಿಗಾಗಿ ಒಂದು ಗೋಡೆಯನ್ನೇ ಬಿಟ್ಟುಕೊಟ್ಟ ಮಗಳೇ ಬಂದು ಅವನನ್ನು ಎರಡನೆಯ ಸಲ, ಪೂರ್ತಿಯಾಗಿ, ಒರೆಸಿಹಾಕಿದಳು.

*

ಮನೆಗೆ ಬಂದು ತಾಯಿ ಮಗಳು ಗೋಡೆಯ ಎದುರಿಗೆ ಕೂತರು. ಯಾಕೆ ಹೇಳಲಿಲ್ಲ ಎಂದು ನೀಲಗಂಗಾ ಕೇಳಿದಾಗ ಅವಳ ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ತಾಯಿಯ ಮೇಲಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಹೇಳಿದ್ನಿ” ಎಂದಳು ಗುರುಶಾಂತವ್ವ. “ಕೂಸಿನ್ನ ಕರಕೊಂಡ ಬಂದ ದಿನಾನ ನಿಮ್ಮಜ್ಜಗ ಹೇಳಿದ್ನಿ, ಮಾವಾರ, ಇದು ಅವರಲ್ಲ ಅಂತ. ಪೇಪರಿನ್ಯಾಗ ಹೆಸರ ಹಾಕಿ ಛಾಪಸ್ಯಾರ, ಪೇಪರಿನವರಿಗಿಂತ ನಿನಗ ಹೆಚ್ಚ ತಿಳೀತೇನು ಅಂದ್ರು. ಅವರ ಕಣ್ಣಾಗ ಪೊರಿ ಬಂದಿತ್ತು, ಅವರಿಗೇನ ಕಾಣಬೇಕು.”

ಕೋಲನ್ನು ಗೋಡೆಗೆ ಆನಿಸಿ ಮತ್ತೆ ಹೇಳಿದಳು. “ಎಂಟ ತಿಂಗಳ ಸಂಸಾರ. ಅವರದು ರಾತ್ರಿ ಪಾಳಿ. ಮಾವನ ಮುಂದ ತಲಿ ಎತ್ತಿ ನೋಡೂಹಂಗಿಲ್ಲ. ಚಿಮಣಿ ಬೆಳಕಿನ್ಯಾಗ ನೋಡಿದ ಮುಖ. ಮಸಿ ಹತ್ತಿ, ಟೊಪಿಗಿ ಹಾಕ್ಕೊಂಡ್ರ ಹಿಂಗ ಕಾಣತಿದ್ರೋ ಏನೋ ಅನಿಸ್ತು. ದಿನಾ ದೀಪಾ ಹಚ್ಚಿ ಕೈ ಮುಗದು ಮುಗದು, ಆಮ್ಯಾಲ ಕಣ್ಣ ಮುಚ್ಚಿದ್ರ ಇಂವನ ಬರಾಕ ಹತ್ತಿದ. ಅವರು ಎಲ್ಲಿ ಹೋದ್ರೋ ನನಗ ತಿಳೀಲಿಲ್ಲ.”

“ಇವತ್ತ ನೋಡಿದೆಲ್ಲ?”

“ನೋಡಿದ್ನಿ. ಹಿಂದಿರಗಿ ನನ್ನ ಕಡೇನ ನೋಡಿದ್ರು.”

“ಹೆಂಗಿದ್ರು, ಅವ್ವ?”

ಗುರುಶಾಂತವ್ವ ಹೇಳಲು ಬಾಯಿ ತೆರೆದಳು. ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯತೊಡಗಿದಾಗ ನೀಲಗಂಗಾಳಿಗೆ ಉತ್ತರ ಸಿಕ್ಕಿಹೋಯಿತು.

“ಇಂವನ ಬಂದ” ಎಂದಳು ಮುದುಕಿ.

ಅವಳೇ ಒಂದು ಉಪಾಯ ಹೇಳಿದಳು. ಆ ಫೋಟೋದ ಮೇಲೆ ಕೆಲವು ದಿನ ಬಟ್ಟೆ ಹಾಕಿಬಿಡೋಣ, ಇವನು ಕಣ್ಣೆದುರು ಇರದಿದ್ದರೆ ಅವರು ಬಂದರೂ ಬಂದಾರು ಎಂದಳು. ನೀಲಗಂಗಾ ತನ್ನದೊಂದು ಹಳೆಯ ಸೀರೆಯನ್ನು ಮಡಿಚಿ ಚೌಕಟ್ಟಿಗೆ ಮುಸುಕು ಹಾಕಿದಳು.

ಅಲ್ಲಿಂದ ಆ ಮನೆಯಲ್ಲಿ ದಿನವೂ ಅದೇ ಕೆಲಸವಾಯಿತು. ಬೆಳಿಗ್ಗೆ ಚಹಾ ಕುಡಿದು ಗುರುಶಾಂತವ್ವ ಕಣ್ಣು ಮುಚ್ಚಿ ಕೂರುತ್ತಿದ್ದಳು. ಮಗಳು ಕಚೇರಿಗೆ ಹೊರಡಲು ತಯಾರಾಗಿ ಬಾಗಿಲಲ್ಲಿ ಕಾಯುತ್ತಿದ್ದಳು. ಬಂದರೇನು ಎಂದು ಕೇಳುವುದನ್ನು ಅವಳು ಮೊದಲ ವಾರದಲ್ಲೇ ಬಿಟ್ಟಳು. ತಾಯಿ ಕಣ್ಣು ತೆರೆದು ಇಲ್ಲವೆಂದು ತಲೆಯಾಡಿಸಿದ ಮೇಲೆ ಹೊರಡುತ್ತಿದ್ದಳು. ಕೆಲವೊಮ್ಮೆ ಕಿವಿಯ ತುದಿ ಬಂತು ಎನ್ನುತ್ತಿದ್ದಳು ಗುರುಶಾಂತವ್ವ, ಒಮ್ಮೆ ಹುಬ್ಬಿನ ಒಂದು ಬದಿ. ಆಮೇಲೆ ಅದರ ಸುತ್ತ ಅದೇ ದಪ್ಪ ಮೀಸೆ, ಅದೇ ಮಸಿಯ ಗಲ್ಲ ಬಂದು ಕೂಡಿಕೊಳ್ಳುತ್ತಿದ್ದವು.

ಕಚೇರಿಯಲ್ಲಿ ನೀಲಗಂಗಾ ತಾನು ನಿಯಮ ಮುರಿದದ್ದನ್ನು ಮೇಲಿನವರಿಗೆ ತಿಳಿಸಿದಳು. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಕೊಳೆತ ನೆಗೆಟಿವ್ ತಾನೇ ಎಂದರು. ಮೋನಪ್ಪನ ಕಡೆಯವರನ್ನು ಹುಡುಕಲು ಇಮ್ತಿಯಾಜ್ ಕರಾವಳಿಯ ಊರೂರಿಗೆ ಫೋನು ಹಚ್ಚಿದ. ಆ ಹೆಸರಿನ ಮನುಷ್ಯ ಇದ್ದನೆಂಬುದನ್ನೇ ಬಲ್ಲವರು ಯಾರೂ ಸಿಗಲಿಲ್ಲ. ಭಂಡಾರದ ಗೋಡೆಯಲ್ಲಿ, ಒರೆಸಿಹೋದವರ ಸಾಲಿನ ಕೊನೆಗೆ, ನೀಲಗಂಗಾ ಒಂದು ಖಾಲಿ ಚೌಕಟ್ಟು ತೂಗುಹಾಕಿ ಕೆಳಗೆ ಬರೆಸಿದಳು: ಫಕೀರಪ್ಪ, ಬೆಂಕಿ ಆರಿಸುವವರು. ಚಿತ್ರವಿಲ್ಲ. ಕಂಡವರು, ಅವರ ಹೆಂಡತಿ. ‘ಒರೆಸಿದವಳು, ಅವರ ಮಗಳು’ ಎಂದು ಇನ್ನೊಂದು ಸಾಲು ಬರೆಸಬೇಕೆಂದು ಅವಳಿಗೆ ಅನ್ನಿಸಿತ್ತು, ಬರೆಸಲಿಲ್ಲ.

ಒಂದು ದಿನ ಬೆಳಿಗ್ಗೆ ಗುರುಶಾಂತವ್ವ ಕಣ್ಣು ಮುಚ್ಚಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು ಮುಸುಕು ಹಾಕಿದ ಚೌಕಟ್ಟನ್ನೇ ನೋಡುತ್ತಿದ್ದಳು.

“ನೀಲಾ, ಆ ಬಟ್ಟಿ ತಗಿ.”

“ಇನ್ನೊಂದ ನಾಕ ದಿನ ನೋಡೂಣ ಅವ್ವ.”

“ಬ್ಯಾಡ. ಅವರು ಬರೂದಿಲ್ಲ. ಇಂವಾ ಹೊಗ್ಯಾಗ ಉಸಿರಗಟ್ಟಿ ಸತ್ತಾಂವ. ಮತ್ತ ಮುಖಾ ಮುಚ್ಚಬ್ಯಾಡ ಅವಂದು.”

ನೀಲಗಂಗಾ ಸ್ಟೂಲು ಹತ್ತಿ ಸೀರೆಯನ್ನು ಎಳೆದುಕೊಂಡಳು. ಮುಖ ಹೊರಬಂತು. ತೆರೆಯ ಮೇಲೆ ನಕ್ಕು ಹಲ್ಲು ಕೆದಕಿಕೊಂಡಿದ್ದ, ಯಾರಿಗೂ ಬೇಡವಾಗಿದ್ದ, ಇಷ್ಟು ವರ್ಷ ಅವಳ ಅಂಕಪಟ್ಟಿಗಳನ್ನೆಲ್ಲ ನೋಡಿದ ಮುಖ. ಅವಳು ಒದ್ದೆ ಬಟ್ಟೆಯಿಂದ ಗಾಜು ಒರೆಸಿ, ಕೆಳಗಿನ ಹೆಸರನ್ನು ಉಜ್ಜಿ ತೆಗೆದು, ಮೋನಪ್ಪ ಎಂದು ಬರೆದಳು. ಗುರುಶಾಂತವ್ವ ದೀಪ ಹಚ್ಚಿ ಅವನಿಗೆ ಕೈ ಮುಗಿದಳು. ಆಮೇಲೆ ಚೌಕಟ್ಟಿನ ಪಕ್ಕದ ಬರಿಗೋಡೆಯ ಕಡೆ ತಿರುಗಿ, ಅಲ್ಲಿಗೂ ಮುಗಿದಳು.

ಕಚೇರಿಗೆ ಹೊತ್ತಾಗಿತ್ತು. ನೀಲಗಂಗಾ ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋದಳು. ಬಾಗಿಲ ಚೌಕಟ್ಟಿನ ಮೇಲೆ, ತಲೆಗಿಂತ ತುಸು ಎತ್ತರದಲ್ಲಿ, ಒಂದು ಜಾಗದ ಬಣ್ಣ ಸವೆದು ಕಟ್ಟಿಗೆ ನುಣ್ಣಗಾಗಿತ್ತು. ಎರಡು ಬೆರಳಿನಷ್ಟು ಅಗಲದ ಜಾಗ. ಹುಟ್ಟಿದಾಗಿನಿಂದ ಅದರ ಕೆಳಗೇ ಓಡಾಡಿದ್ದರೂ ಅವಳು ಅದನ್ನು ನೋಡಿರಲಿಲ್ಲ.